ಮುಟ್ಟು ಅಂದರೆ

ಇದನ್ನು ಹೇಳುವ ಮೊದಲೇ ಕ್ಷಮೆ ಕೇಳಿಕೊಳ್ಳಬೇಕು. ಈ ಕತೆಯಲ್ಲಿರುವುದು ಒಂದೇ ಒಂದು ಪದದ ರಗಳೆ. ಪದಗಳ ವಿಷಯ ಓದಿಕೊಂಡವರಿಗೆ ಬಿಟ್ಟದ್ದು. ನಿಘಂಟು ತೆರೆದರೆ ಮುಗಿದುಹೋಗುವ ಮಾತಿಗೆ ಇಷ್ಟುದ್ದ ಕತೆ ಯಾಕೆ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕಾದೀತು. ಆದರೂ ಹೇಳದೆ ಇರಲು ಆಗಲಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಆ ಪದ ಕೇಳಿ ಕೇಳಿ ನಿದ್ದೆಗೆಟ್ಟವಳು ಕನ್ನಡಕದಕ್ಕ. ಅವಳೇನೂ ಕನ್ನಡಕ ಹಾಕುವವಳಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ, ಅದಕ್ಕೇ ಬೀದಿಯವರು ಹಾಗೆ ಕರೆಯುತ್ತಿದ್ದರು. ಮದುವೆಯಾಗದೆ ಅಪ್ಪ ಅಮ್ಮನ ಜೊತೆಯೇ ಉಳಿದವಳು. ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ತಿರುಗಿ ಬರುವ ಸ್ವಭಾವ. ಹಾಕಿದ್ದು ಖಾತ್ರಿಯಾದ ಮೇಲೆ, ಜಗ್ಗಿ ನೋಡಿದ್ದರಿಂದಲೇ ಬೀಗ ಸಡಿಲವಾಯಿತೇನೋ ಎಂಬ ಚಿಂತೆ ಶುರುವಾಗುತ್ತಿತ್ತು.

ಅಪ್ಪ ಬಡಗಿ. ಕುರ್ಚಿ ಮಾಡುವುದರಲ್ಲಿ ಎತ್ತಿದ ಕೈ. ಮನೆಯಿಂದ ಎರಡು ಬೀದಿ ಆಚೆ, ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ಅವನ ಅಂಗಡಿ. ಬಾಗಿಲು ತೆರೆದರೆ ಮರದ ಹೊಟ್ಟಿನ ವಾಸನೆ, ಅಂಟು ಕಾಯಿಸುವ ಡಬ್ಬಿಯ ವಾಸನೆ. ಗೋಡೆಗೆ ಸಾಲಾಗಿ ಉಳಿ, ಅರ, ಗರಗಸ, ಮರ ನಯಮಾಡುವ ಕೀಸುಳಿ, ಉಳಿಯ ತಲೆಗೆ ಹೊಡೆಯುವ ಮರದ ಕೊಡತಿ. ಇವಕ್ಕೆಲ್ಲ ಸೇರಿಸಿ ಅಪ್ಪ ಹೇಳುತ್ತಿದ್ದ ಮಾತು ‘ಮುಟ್ಟು’. ಸಲಕರಣೆ, ಸಾಮಾನು ಎಂದೆಲ್ಲ ಹೇಳಿದವನಲ್ಲ. ಮುಟ್ಟು ಒರೆಸು, ಮುಟ್ಟು ಎತ್ತಿಡು, ಮುಟ್ಟಿಗೆ ಎಣ್ಣೆ ಹಚ್ಚು. ಮಕ್ಕಳು ಅಂಗಡಿಗೆ ಬಂದರೆ ಅವನ ಮೊದಲ ಮಾತು, “ಮುಟ್ಟನ್ನ ಮುಟ್ಟಬೇಡಿ.” ಹೇಳಿ ತಾನೇ ನಗುತ್ತಿದ್ದ.

ಚಿಕ್ಕವಳಿದ್ದಾಗ ಅವಳು ಕೇಳಿದ್ದಳು, ಇದಕ್ಕೆ ಮುಟ್ಟು ಅಂತ ಯಾಕನ್ನುತ್ತಾರೆ ಎಂದು. ಮುಟ್ಟೋಕೆ ಸಿಗುತ್ತಲ್ಲ ಅದಕ್ಕೆ, ಎಂದಿದ್ದ ಅಪ್ಪ. ಹಾಗಾದರೆ ಗೋಡೆಯೂ ಮುಟ್ಟೇನಾ ಎಂದು ಅವಳು ಬಿಡದೆ ಕೇಳಿದಾಗ ಕೀಸುಳಿ ಕೆಳಗಿಟ್ಟು ಯೋಚಿಸಿ ಹೇಳಿದ: “ಗೋಡೆ ನಿನ್ನ ಕೈ ಮಾತು ಕೇಳುತ್ತಾ ಪುಟ್ಟು? ಕೈ ಮಾತು ಕೇಳೋದು ಮುಟ್ಟು. ಮಿಕ್ಕಿದ್ದೆಲ್ಲ ಬರೀ ಇರೋದು.”

ಆಗ ಅವಳು ಅಪ್ಪನಿಗೆ ಪುಟ್ಟು. ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಓಡಿ ಮೊಳೆ ಆರಿಸುತ್ತಿದ್ದಳು. ದೊಡ್ಡವಳಾದ ಮೇಲೆ ಅಲ್ಲೇ ಕೆಲಸ ಕಲಿಯುತ್ತೇನೆ ಎಂದಾಗ ಅಪ್ಪ, ಈ ಕೆಲಸ ನನ್ನ ಕಾಲಕ್ಕೇ ಕೊನೆ ಎಂದು ಹೇಳಿ ತಾನೇ ಕರೆದುಕೊಂಡು ಹೋಗಿ ಕನ್ನಡಕದ ಅಂಗಡಿಗೆ ಸೇರಿಸಿದ. ಜಗಳವೇನೂ ಆಗಲಿಲ್ಲ. ಆದರೆ ಅಲ್ಲಿಂದಾಚೆಗೆ ಅವನ ಬಾಯಲ್ಲಿ ಪುಟ್ಟು ಬರಲಿಲ್ಲ. “ಊಟ ಆಯ್ತೇನಮ್ಮ”, “ಹೊರಟೆಯೇನಮ್ಮ”, ಅಷ್ಟೇ.

ಕುರ್ಚಿಯ ಕಾಲು ಕೀಸುತ್ತಿದ್ದಾಗಲೇ ಅಪ್ಪನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತು ಹೋಗಿತ್ತು, ಒಂದು ಬಿಟ್ಟು. ಅದೂ ಮನೆಗೆ ಬಂದ ಎರಡನೆಯ ವಾರ ಬಂತು. ಗಂಜಿ ಕುಡಿಸುತ್ತಿದ್ದ ಅಮ್ಮನ ಕೈ ಪಕ್ಕಕ್ಕೆ ಸರಿಸಿ, ಬಾಗಿಲ ಕಡೆ ನೋಡುತ್ತ, “ಮುಟ್ಟು” ಎಂದ.

ಅಮ್ಮ ಅತ್ತಳು, ಮಾತು ಬಂತಲ್ಲ ಎಂದು. ಆಮೇಲೆ ಅದೊಂದೇ ಬಂತು. ಬೆಳಿಗ್ಗೆ ಎದ್ದರೆ ಮುಟ್ಟು, ನೀರು ಕೊಟ್ಟರೆ ಮುಟ್ಟು, ದಿಂಬು ಸರಿಮಾಡಿದರೆ ಮುಟ್ಟು. ಒಮ್ಮೆ ಮೆತ್ತಗೆ, ಒಮ್ಮೆ ಬೈದ ಹಾಗೆ. ಮನೆಗೆ ಬಂದು ಹೋಗುವ ನರ್ಸ್ ಚಿಕ್ಕ ಹುಡುಗಿ. ನಾಡಿ ಹಿಡಿದು ನೋಡುವಾಗ ಅವಳ ಮುಖ ನೋಡಿ ಅಪ್ಪ ಸ್ಪಷ್ಟವಾಗಿ ಮುಟ್ಟು ಎಂದುಬಿಟ್ಟ. ಹುಡುಗಿ ಕೆಂಪಾಗಿ ಅಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದಳು: “ಅಮ್ಮಾ, ಇವತ್ತೇ ಆಗಿದ್ದು. ಅವರಿಗೆ ಹೇಗೆ ಗೊತ್ತಾಯ್ತು?” ಅಪ್ಪ ಹಾಸಿಗೆ ಹಿಡಿದ ಮೇಲೆ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಅದೇ ಮೊದಲು.

ನಗುವ ಹೊತ್ತು ಬೇಗ ಮುಗಿಯಿತು. ಅಂಗಡಿಯ ಕಟ್ಟಡ ಕೆಡವುತ್ತಾರಂತೆ, ಶನಿವಾರದೊಳಗೆ ಖಾಲಿ ಮಾಡಬೇಕಂತೆ ಎಂದು ತಮ್ಮ ಸುದ್ದಿ ತಂದ. ಬಸ್ ಓಡಿಸುವವನು, ಅದೇ ಬೀದಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಬೇರೆ ಮನೆಯಲ್ಲಿದ್ದ. ಕೆಲಸ ಹಿಡಿದರೆ ಮುಗಿಸಿಯೇ ಉಸಿರು ಬಿಡುವ ಜಾತಿ. ಮುಟ್ಟುಗಳಿಗೂ ಒಂದು ದಾರಿ ಹುಡುಕಿಕೊಂಡೇ ಬಂದಿದ್ದ. ಹೊಸದಾಗಿ ಕಾಫಿ ಅಂಗಡಿ ತೆರೆದವನೊಬ್ಬ ಗೋಡೆಗೆ ಹಳೇ ಸಾಮಾನು ತೂಗುಹಾಕುತ್ತಾನಂತೆ. ಎಲ್ಲವನ್ನೂ ಒಟ್ಟಿಗೆ ಒಯ್ಯುತ್ತಾನೆ, ಶನಿವಾರ ಬೆಳಿಗ್ಗೆ ವ್ಯಾನು ಕಳಿಸುತ್ತಾನೆ.

ಅದನ್ನು ಅಪ್ಪನ ಮಂಚದ ಪಕ್ಕದಲ್ಲೇ ನಿಂತು ಹೇಳಿದ. ಅಪ್ಪ ಕಣ್ಣು ತೆರೆದು ಕನ್ನಡಕದಕ್ಕನನ್ನು ನೋಡಿ, “ಮುಟ್ಟು” ಎಂದ.

ಅವಳಿಗೆ ಅಪ್ಪ ಇಷ್ಟು ದಿನ ಕೇಳುತ್ತಿದ್ದದ್ದು ಅದನ್ನೇ ಎಂದು ಆ ಕ್ಷಣಕ್ಕೆ ಅನಿಸಿತು. ನನ್ನ ಮುಟ್ಟು ಎಲ್ಲಿ? ನನ್ನ ಮುಟ್ಟು ಯಾರಿಗೆ ಕೊಡುತ್ತಿದ್ದೀರಿ?

ಅಮ್ಮನದು ಬೇರೆ ಎಣಿಕೆ. ಅಪ್ಪ ಕೊನೆಗೆ ಮಾಡಿ ಮುಗಿಸಿದ್ದು ಗಡಿಯಾರ ರಿಪೇರಿಯವನ ಎತ್ತರದ ಸ್ಟೂಲು. ಅದು ಮುಟ್ಟಿತೋ ಇಲ್ಲವೋ ಎಂಬ ಕೊರಗು ಅವರಿಗೆ ಎಂದಳು. ತಮ್ಮ ಹೋಗಿ ಗಡಿಯಾರದವನನ್ನೇ ಕರೆತಂದ. ಆತ ಮಂಚದ ಪಕ್ಕ ಕೂತು, ಸ್ಟೂಲು ಮುಟ್ಟಿದೆ ಮೇಸ್ತ್ರೀ, ಅದರ ಮೇಲೇ ಕೂತು ಕೆಲಸ ಮಾಡ್ತಿದ್ದೀನಿ, ಒಂದಿಷ್ಟೂ ಅಲ್ಲಾಡಲ್ಲ ಎಂದು ಎರಡೆರಡು ಸಲ ಹೇಳಿದ. ಅಪ್ಪ ತಾಳ್ಮೆಯಿಂದ ಪೂರ್ತಿ ಕೇಳಿ, ಆತನ ಭುಜದಾಚೆ ನೋಡುತ್ತ, ಮುಟ್ಟು ಎಂದ. ಅಮ್ಮನ ಎಣಿಕೆ ಅಲ್ಲಿಗೆ ಮುಗಿಯಿತು.

ಅಪ್ಪನಿಗೆ ಮುಟ್ಟು ಬೇಕು ಎಂದು ಕನ್ನಡಕದಕ್ಕ ಹೇಳುತ್ತಲೇ ಇದ್ದಳು. ತಮ್ಮನಿಗೆ ಎಣಿಕೆಯೇ ಬೇಕಿರಲಿಲ್ಲ. ಮೆದುಳಿಗೆ ಪೆಟ್ಟಾದರೆ ಒಂದು ಮಾತು ನಾಲಿಗೆಗೆ ಅಂಟಿಕೊಳ್ಳುವುದುಂಟು, ಅದಕ್ಕೆ ಅರ್ಥ ಇರಲೇಬೇಕೆಂದಿಲ್ಲ ಎಂದು ಡಾಕ್ಟರೇ ಹೇಳಿದ್ದರು.

“ಹಾರ್ನ್ ಸಿಕ್ಕೊಂಡ್ರೆ ಬಸ್ಸಿಗೆ ಏನೋ ಹೇಳೋದಿದೆ ಅಂತಲ್ಲ ಅಕ್ಕ,” ಎಂದ ಅವನು.

“ಅಪ್ಪ ಬಸ್ಸಲ್ಲ.”

“ಅಲ್ಲ. ಆದ್ರೆ ನಿಂಗೆ ಏನು ಬೇಕೋ ಅದೇ ಕೇಳಿಸ್ತಿದೆ.”

ಆ ಮಾತು ಅವಳಿಗೆ ನಾಟಿತು. ಗಾಜು ಉಜ್ಜುವಾಗಲೂ ಅದೇ ತಲೆಯಲ್ಲಿ. ಹೌದೇನೋ, ಮುಟ್ಟು ಬೇಕಾದದ್ದು ತನಗೇನೋ, ಅಪ್ಪನ ಬಾಯಿಗೆ ತನ್ನ ಆಸೆಯನ್ನು ತುರುಕುತ್ತಿದ್ದೇನೇನೋ. ಅಲ್ಲದಿದ್ದರೆ? ಅಪ್ಪ ಇರುವುದೊಂದೇ ಮಾತಲ್ಲಿ ಗೋಗರೆಯುತ್ತಿದ್ದರೂ ಕೇಳದೆ ಅವನ ಮುಟ್ಟನ್ನೆಲ್ಲ ಕಾಫಿ ಅಂಗಡಿಗೆ ಸಾಗಿಸಿದರೆ? ಆವತ್ತು ಯಾರದೋ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿಬಿಟ್ಟಳು. ಅಂಗಡಿಯ ಯಜಮಾನಿ ಏನೂ ಅನ್ನದೆ ಅದನ್ನು ಮುಂದಿಟ್ಟು ಹೋದಳು. ಬೈದಿದ್ದರೆ ವಾಸಿಯಿತ್ತು.

ಗುರುವಾರ ಸಂಜೆ ಕೆಲಸ ಮುಗಿಸಿ ಅಪ್ಪನ ಅಂಗಡಿಗೆ ಹೋದಳು. ಹತ್ತಿಪ್ಪತ್ತು ಉಳಿಗಳಲ್ಲಿ ಯಾವುದನ್ನು ಒಯ್ಯಬೇಕೆಂದು ತಿಳಿಯದೆ ಒಂದನ್ನು ಎತ್ತಿ, ಇಟ್ಟು, ಇನ್ನೊಂದನ್ನು ಎತ್ತಿ, ಕೊನೆಗೆ ಹಿಡಿ ತುಂಬ ಸವೆದಿದ್ದ ಅಗಲ ಉಳಿಯೊಂದು, ಕೊಡತಿ, ಅರ, ಚಿಕ್ಕ ಕೀಸುಳಿ, ಇಷ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಬೀದಿಯ ತುದಿಯಿಂದ ತಿರುಗಿ ಹೋಗಿ ಬೀಗ ಜಗ್ಗಿ ನೋಡಿದಳು.

ಮನೆಯಲ್ಲಿ ಅಮ್ಮನೂ ತಮ್ಮನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವಳು ಉಳಿಯ ಬಾಯಿಗೆ ಬಟ್ಟೆ ಸುತ್ತಿ ಅಪ್ಪನ ಎಡಗೈಗೆ ಕೊಟ್ಟಳು. ಬಲಗೈ ಹೊದಿಕೆಯ ಮೇಲೆ ಬಿದ್ದಿತ್ತು, ಅಪ್ಪನೇ ಹೇಳಿದ ಹಾಗೆ ಬರೀ ಇರೋದು. ಎಡಗೈ ಉಳಿಯ ಹಿಡಿಯನ್ನು ಸವರಿತು. ಎಷ್ಟೋ ವರ್ಷ ಬಲಗೈ ಹೆಬ್ಬೆರಳು ಒತ್ತಿ ಒತ್ತಿ ಆದ ಕುಳಿಯೊಂದು ಅಲ್ಲಿತ್ತು. ಎಡಗೈ ಹೆಬ್ಬೆರಳು ಅದನ್ನು ಹುಡುಕಿತು, ಆದರೆ ಆ ಕಡೆಯಿಂದ ಸರಿಯಾಗಿ ಕೂರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ. ಆಮೇಲೆ ಉಳಿಯನ್ನು ಅವಳ ಕಡೆ ಚಾಚಿದ.

“ಮುಟ್ಟು,” ಎಂದ.

ಅವಳು ತೆಗೆದುಕೊಂಡು ಕೊಡತಿ ಕೊಟ್ಟಳು. ಅದನ್ನೂ ಸವರಿ ಚಾಚಿದ. ಅರ ಕೊಟ್ಟರೆ ಅರವನ್ನೂ, ಕೀಸುಳಿ ಕೊಟ್ಟರೆ ಕೀಸುಳಿಯನ್ನೂ. ಪ್ರತಿಸಲ ಅದೇ ಮಾತು. ಕೊನೆಗೆ ಎಲ್ಲವೂ ಅವಳ ಮಡಿಲಲ್ಲಿದ್ದವು, ಅಪ್ಪ ಸುಸ್ತಾಗಿ ಕಣ್ಣು ಮುಚ್ಚಿದ್ದ.

“ನೋಡು, ಬೇಡ ಅಂತ ವಾಪಸ್ ಕೊಟ್ಟ,” ಎಂದ ತಮ್ಮ.

“ನಂಗೆ ಅಂತ ಕೊಟ್ಟ,” ಎಂದಳು ಅವಳು.

ಇಬ್ಬರೂ ನೋಡಿದ್ದು ಒಂದನ್ನೇ. ಅಮ್ಮ ಯಾರ ಪಕ್ಷವನ್ನೂ ಹಿಡಿಯದೆ, ಉಳಿ ಹಾಸಿಗೆ ಮೇಲೆ ಬಿಡಬೇಡ, ಹೊರಳಿದಾಗ ಚುಚ್ಚೀತು ಎಂದು ಹೇಳಿ ಒಳಗೆ ಹೋದಳು.

ಶುಕ್ರವಾರ ಅವಳು ಅರ್ಧ ದಿನ ರಜೆ ಹಾಕಿ ಕಾಫಿ ಅಂಗಡಿ ನೋಡಲು ಹೋದಳು. ಅಲ್ಲಿನ ಗೋಡೆ ಕಣ್ಣಾರೆ ಕಂಡರೆ ಮನಸ್ಸು ಒಂದು ಕಡೆ ನಿಂತೀತು ಎಂದುಕೊಂಡಿದ್ದಳು. ಅಂಗಡಿಯವನು ಕೆಟ್ಟವನಾಗಿದ್ದರಂತೂ ಸಲೀಸಾಗುತ್ತಿತ್ತು. ಅವನು ಒಳ್ಳೆಯವನಾಗಿದ್ದ. ಬಡಗಿಯ ಮಗಳು ಎಂದು ತಿಳಿದ ಕೂಡಲೇ ಕುರ್ಚಿ ಎಳೆದು ಕೂರಿಸಿ ತಾನೇ ಕಾಫಿ ತಂದುಕೊಟ್ಟ. ಗೋಡೆಯಲ್ಲಿ ಆಗಲೇ ದರ್ಜಿಯ ಇಸ್ತ್ರಿಪೆಟ್ಟಿಗೆ, ಚಮ್ಮಾರನ ಅಚ್ಚುಗಳು, ಯಾರದೋ ತಕ್ಕಡಿ. ಎಲ್ಲಕ್ಕೂ ಹೊಳಪಿನ ಎಣ್ಣೆ ಬಳಿದಿತ್ತು, ಮೇಲಿಂದ ಹಳದಿ ದೀಪ. ಎದುರಿನ ಖಾಲಿ ಗೋಡೆ ತೋರಿಸಿ, ಅದು ಪೂರ್ತಿ ನಿಮ್ಮಪ್ಪಂಗೆ ಎಂದ. ಪೆಟ್ಟಿಗೆಯಲ್ಲಿ ತುಕ್ಕು ಹಿಡಿಯುವುದಕ್ಕಿಂತ ನಾಲ್ಕು ಜನ ನೋಡುವುದು ಒಳ್ಳೆಯದಲ್ಲವೇ ಎಂದ. ಅವಳು ಕಾಫಿ ಮುಗಿಸಿ ಲೋಟ ಕೆಳಗಿಟ್ಟಳು.

ಎದ್ದು ಹೊರಡುವಾಗ ತಕ್ಕಡಿಯ ಕೆಳಗೆ ಚಿಕ್ಕ ಹಲಗೆ ಕಂಡಿತು. ‘ದಯವಿಟ್ಟು ಮುಟ್ಟಬೇಡಿ.’ ಮಕ್ಕಳು ಜೋತಾಡ್ತಾರೆ, ಅದಕ್ಕೆ ಎಂದು ಅವನು ನಾಚಿಕೊಂಡು ಹೇಳಿದ. ಅವಳಿಗೆ ನಗು ಬಂತು. ಅಪ್ಪನ ಹಳೇ ಜೋಕನ್ನು ಯಾರೋ ಹಲಗೆಯ ಮೇಲೆ ಬರೆದ ಹಾಗಿತ್ತು. ಬಾಗಿಲು ದಾಟಿ ಬೀದಿಗಿಳಿದ ಮೇಲೆ ನಗು ಎಲ್ಲಿ ಹೋಯಿತೋ. ಮುಟ್ಟಬಾರದ ಮುಟ್ಟು ಎಂಥ ಮುಟ್ಟು? ಆದರೆ ತಾನಾದರೂ ಏನು ಮಾಡುತ್ತೇನೆ, ಮಂಚದ ಕೆಳಗೆ ಇಟ್ಟು ದಿನಾ ಬಗ್ಗಿ ನೋಡುತ್ತೇನೆಯೇ? ಬಸ್ಸು ಬಂದರೂ ಹತ್ತದೆ ಮನೆಯವರೆಗೆ ನಡೆದಳು. ದಾರಿಯುದ್ದಕ್ಕೂ ಶನಿವಾರ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು: ಅಪ್ಪನಿಗೆ ಮುಟ್ಟು ಬೇಕು, ಅಪ್ಪನೇ ಕೇಳುತ್ತಿದ್ದಾನೆ, ಅಪ್ಪ ಬದುಕಿರುವಾಗ ಅವನ್ನು ಕೊಡುವ ಅಧಿಕಾರ ನಮಗಿಲ್ಲ. ಈ ಮಾತಿಗೆ ತಮ್ಮ ಎದುರಾಡಲಾರ. ಅವನೂ ಮಗನೇ.

ಮನೆಯಲ್ಲಿ ಮಾತು ಕಲಿಸುವ ಮೇಡಂ ಬಂದಿದ್ದರು. ಆಸ್ಪತ್ರೆಯಿಂದ ವಾರಕ್ಕೊಮ್ಮೆ ಬರುವವರು. ಸಣ್ಣದೊಂದು ಕನ್ನಡಿಯನ್ನು ಅಪ್ಪನ ಮೂಗಿನ ಕೆಳಗೆ ಹಿಡಿದು, ಪಾ ಅನ್ನಿ ಎಂದರು. ಅಪ್ಪ ತುಂಬ ಹೊತ್ತು ತುಟಿ ಕೂಡಿಸಿ ಒದ್ದಾಡಿ ಕೊನೆಗೆ ಮಾ ಎಂದ. ಕನ್ನಡಿ ಮಬ್ಬಾಯಿತು. ಬಾ ಅನ್ನಿ ಎಂದರು. ಅದೂ ಮಾ. ಕನ್ನಡಿ ಮತ್ತೆ ಮಬ್ಬು.

ಉಸಿರು ಮೂಗಿನಿಂದ ಸೋರಿಹೋಗುತ್ತಿದೆ, ಅದಕ್ಕೇ ಪ ಹೇಳಹೋದರೂ ಬ ಹೇಳಹೋದರೂ ಮ ಆಗಿಬಿಡುತ್ತದೆ ಎಂದು ಮೇಡಂ ವಿವರಿಸಿದರು. ಆಮೇಲೆ ಕನ್ನಡಿ ಒರೆಸುತ್ತ, ಹವಾಮಾನದ ವಿಷಯ ಕೇಳಿದಷ್ಟೇ ಸಲೀಸಾಗಿ ಕೇಳಿದರು:

“ಮನೇಲಿ ಪುಟ್ಟು ಅಂತ ಯಾರಾದ್ರೂ ಇದ್ದಾರಾ?”

ಬಟ್ಟೆ ಮಡಚುತ್ತಿದ್ದ ಅಮ್ಮನ ಕೈ ನಿಂತಿತು. ಕನ್ನಡಕದಕ್ಕ ಗೋಡೆಗೆ ಒರಗಿದಳು. ಅಮ್ಮನೇ ಬೆರಳು ತೋರಿಸಿ, ಇವಳೇ, ಆದರೆ ಹಾಗೆ ಕರೆಯುವುದನ್ನು ಅವರು ಬಿಟ್ಟು ಎಷ್ಟೋ ಕಾಲವಾಯಿತು ಎಂದಳು.

“ಹಾಗಾದ್ರೆ ಅಪ್ಪ ನನ್ನ ಕರೀತಿದ್ದಾನಾ ಮೇಡಂ?”

“ಇರಬಹುದು. ಆದ್ರೆ ಉಸಿರು ಸೋರಿದ್ರೆ ಟ ಕೂಡ ಕೆಡಬೇಕಿತ್ತು. ಅದು ಸರಿಯಾಗೇ ಬರ್ತಿದೆ. ಹಾಗಾಗಿ ಮುಟ್ಟು ಅಂತಲೇ ಹೇಳ್ತಿರಬಹುದು. ಖಚಿತವಾಗಿ ಹೇಳೋಕಾಗಲ್ಲಮ್ಮ.”

ಹೌದಾದರೆ ತಲೆಯಾಡಿಸು ಅಪ್ಪಾ, ಎಂದು ಅವಳು ಅಪ್ಪನ ಮುಂದೆ ಕೂತು ಕೇಳಿಯೂ ನೋಡಿದಳು. ಮುಟ್ಟು ಬೇಕಾ ಎಂದರೆ ಅಪ್ಪ ತಲೆಯಾಡಿಸಿದ. ನನ್ನ ಕರೆದೆಯಾ ಎಂದರೆ ತಲೆಯಾಡಿಸಿದ. ನಾನು ಬಸ್ಸಾ ಎಂದು ಕೇಳಿದ್ದರೂ ಆಡಿಸುತ್ತಿದ್ದನೇನೋ. ಹೌದು ಅಲ್ಲ ಎನ್ನುವುದು ಇನ್ನೂ ಕೂಡಿಬಂದಿಲ್ಲ, ಅವಸರ ಮಾಡಬೇಡಿ ಎಂದು ಹೇಳಿ ಮೇಡಂ ಹೊರಟರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅಲ್ಲೇ ಚೂರಾಯಿತು. ಅಪ್ಪ ಮುಟ್ಟು ಕೇಳಿಯೇ ಇರಲಿಲ್ಲವಾದರೆ ಶನಿವಾರ ಅವಳು ಏನೆಂದು ತಡೆಯುವುದು? ಇನ್ನೂ ಕೆಟ್ಟದ್ದು ಇನ್ನೊಂದಿತ್ತು. ಅಪ್ಪ ಪುಟ್ಟು ಪುಟ್ಟು ಎಂದು ಕರೆಯುತ್ತಿದ್ದರೆ, ಅಷ್ಟು ದಿನ ಅವಳು ಓಗೊಡದೆ ಉಳಿ ಕೊಡತಿ ಹೊತ್ತು ತಂದಿದ್ದಳು. ನೀರು ಕೇಳಿದವನಿಗೆ ಬಾವಿಯ ರಾಟೆ ತಂದುಕೊಟ್ಟ ಹಾಗೆ.

ಶನಿವಾರ ಬೆಳಿಗ್ಗೆ ವ್ಯಾನು ಬಂತು. ತಮ್ಮ ಬೀಗ ತೆಗೆದ. ಕಾಫಿ ಅಂಗಡಿಯವನು ಹಳೇ ಕಂಬಳಿಗಳನ್ನು ತಂದಿದ್ದ, ಮುಟ್ಟುಗಳಿಗೆ ಪೆಟ್ಟಾಗಬಾರದೆಂದು. ಆ ಕಂಬಳಿ ನೋಡಿ ಅವಳಿಗೆ ಇನ್ನೂ ಕಷ್ಟವಾಯಿತು. ಅವನು ಮೊದಲ ಉಳಿಗೆ ಕೈ ಹಾಕಿದಾಗ ಅವಳು ತಮ್ಮನ ತೋಳು ಹಿಡಿದಳು. ತಮ್ಮ ತಿರುಗಿ ನೋಡಿದ. ಅಪ್ಪನಿಗೆ ಬೇಕಂತೆ ಎಂದು ಅವಳು ಹೇಳುತ್ತಾಳೆಂದು ಅವನು ಕಾಯುತ್ತಿದ್ದ. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದಂತೆ ಮುಖದಲ್ಲೇ ಕಾಣುತ್ತಿತ್ತು.

“ಅಪ್ಪ ಏನು ಹೇಳ್ತಿದ್ದಾನೋ ನಂಗೆ ಗೊತ್ತಿಲ್ಲ,” ಎಂದಳು. “ನಂಗೆ ಬೇಕು ಕಣೋ. ಮುಟ್ಟು ನಂಗೆ ಬೇಕು.”

ತಮ್ಮ ಸಿದ್ಧ ಮಾಡಿಕೊಂಡ ಉತ್ತರ ಇದಕ್ಕೆ ಹೊಂದುತ್ತಿರಲಿಲ್ಲ.

“ನಿಂಗೆ ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರಲ್ಲ.”

“ಬರಲ್ಲ.”

“ಎಲ್ಲಿಡ್ತೀಯ ಇಷ್ಟನ್ನೂ?”

“ಅಪ್ಪನ ಮಂಚದ ಕೆಳಗೆ.”

“ಅಲ್ಲಿ ಪೆಟ್ಟಿಗೆಗಳಿವೆ.”

“ತೆಗೀತೀನಿ.”

“ಇದನ್ನ ಮೊದಲೇ ಹೇಳೋಕೇನಾಗಿತ್ತು? ಅಪ್ಪಂಗೆ ಬೇಕು, ಅಪ್ಪಂಗೆ ಬೇಕು ಅಂತ ತಲೆ ತಿಂದೆಯಲ್ಲ.”

ಅದಕ್ಕೂ ಅವಳು, ಗೊತ್ತಿಲ್ಲ ಎಂದಳು. ಕಾಫಿ ಅಂಗಡಿಯವನ ಕಡೆ ತಿರುಗಿ ಕ್ಷಮೆ ಕೇಳಿದಳು, ವ್ಯಾನು ಸುಮ್ಮನೆ ಬಂದದ್ದಕ್ಕೆ ಒಮ್ಮೆ, ಶುಕ್ರವಾರ ಕುಡಿದ ಕಾಫಿಗೆ ಒಮ್ಮೆ. ಅವನು ಪೆಚ್ಚಾಗಿ ನಿಂತು, ಬಳಿಕ ಮನೆಯ ಬಾಗಿಲಲ್ಲಿ ಹಿಡಿಸದಂಥ ದೊಡ್ಡ ಕೆಲಸದ ಮೇಜನ್ನಾದರೂ ಕೊಡುತ್ತೀರಾ ಎಂದ. ಕೊಟ್ಟರು. ಅದರ ಮೇಲೆ ಜನ ಕೈಯೂರಿ ಕಾಫಿ ಕುಡಿಯಬಹುದು ಎಂದು ಅವಳು ಹೇಳಿದಾಗ, ಹಲಗೆ ಹಾಕಲ್ಲ ಬಿಡಿ ಎಂದು ನಕ್ಕ. ತಮ್ಮ ಮುಖ ಗಂಟಿಕ್ಕಿಕೊಂಡೇ ಮುಟ್ಟಿನ ಪೆಟ್ಟಿಗೆಯನ್ನು ಹೆಗಲಿಗೇರಿಸಿದ. ಎರಡು ಬೀದಿಯುದ್ದಕ್ಕೂ ಗೊಣಗಿದ, ಆದರೆ ಅವಳಿಗೆ ಹೊರಲು ಬಿಡಲಿಲ್ಲ.

ಆ ಸಂಜೆ ಅಪ್ಪನ ಕೋಣೆಯ ಕಿಟಕಿ ಬಾಗಿಲು ಹಾಕಲು ಹೋದರೆ ಎಂದಿನಂತೆ ಸಿಕ್ಕಿಕೊಂಡಿತು. ಅವಳು ಚಿಕ್ಕ ಕೀಸುಳಿ ತೆಗೆದುಕೊಂಡು ಅದರ ಅಂಚಿಗೆ ಇಟ್ಟು ತಳ್ಳಿದಳು. ಕೀಸುಳಿ ಜಾರಿತು. ಇನ್ನೊಮ್ಮೆ ತಳ್ಳಿದಾಗ ಕಚ್ಚಿ ನಿಂತಿತು. ಮೂರನೆಯ ಸಲ ಉಗುರಿನಷ್ಟು ಮರ ಸುರುಳಿ ಎದ್ದು ಅವಳ ಮಣಿಕಟ್ಟಿನ ಮೇಲೆ ಬಿತ್ತು. ಹಿಂದಿನಿಂದ ಅಪ್ಪ, “ಮುಟ್ಟು” ಎಂದ.

“ಬಂದೆ ಅಪ್ಪಾ,” ಎಂದು ಕೀಸುಳಿ ಸಮೇತ ಹೋಗಿ ಮಂಚದ ಮೇಲೆ ಕೂತಳು. ಕೀಸುಳಿ ಅವನ ಕೈಗೆಟಕುವಲ್ಲಿಟ್ಟು, ತನ್ನ ಕೈಯನ್ನೂ ಅವನ ಎಡಗೈ ಮೇಲಿಟ್ಟಳು. ಮುಟ್ಟಾಗಲಿ, ಪುಟ್ಟುವಾಗಲಿ, ಬರೀ ‘ನನ್ನನ್ನು ಮುಟ್ಟು’ ಎಂಬ ಅಪ್ಪಣೆಯಾಗಲಿ, ಎಲ್ಲವೂ ಅಲ್ಲಿದ್ದವು. ಇನ್ನು ಅವನಿಗೆ ಸಮಾಧಾನವಾಗಲೇಬೇಕು ಎಂದುಕೊಂಡಳು.

ಅಪ್ಪ ಅವಳ ಕೈಯನ್ನು ನೋಡಿದ. ಕೀಸುಳಿ ನೋಡಿದ. ಕಿಟಕಿಯ ಕಡೆ ನೋಡಿದ. ಆಮೇಲೆ ಹುಬ್ಬು ಗಂಟಿಕ್ಕಿ, ಮೊದಲಿಗಿಂತ ಜೋರಾಗಿ, ಇನ್ನೊಮ್ಮೆ ಮುಟ್ಟು ಎಂದ.

ಅವಳು ದಡಬಡಿಸಿ ಎದ್ದಳು. ನೀರು ಕೊಟ್ಟಳು, ಕುಡಿಯಲಿಲ್ಲ. ದಿಂಬು ಎತ್ತರಿಸಿದಳು. ಕಿಟಕಿ ತೆರೆದಳು, ಮುಚ್ಚಿದಳು. ಕೀಸುಳಿ ಹಿಂದುಮುಂದಾಗಿ ಹಿಡಿದಿದ್ದೆನೇ ಎಂದು ತಿರುಗಿಸಿ ಹಿಡಿದು ತೋರಿಸಿದಳು. ಅಪ್ಪ ಅವಳನ್ನೇ ದಿಟ್ಟಿಸುತ್ತಿದ್ದ, ಹೇಳಿದ್ದು ಇಷ್ಟು ಸ್ಪಷ್ಟವಾಗಿದ್ದರೂ ಇವಳಿಗೇಕೆ ತಿಳಿಯುತ್ತಿಲ್ಲ ಎನ್ನುವ ಹಾಗೆ.

“ಏನಂತೆ?” ಎಂದು ಅಮ್ಮ ಅಡುಗೆಮನೆಯಿಂದ ಕೇಳಿದಳು.

“ಗೊತ್ತಿಲ್ಲಮ್ಮ,” ಎಂದು ಹೇಳಿ ಅವಳು ಮತ್ತೆ ಕಿಟಕಿಯ ಹತ್ತಿರ ಹೋದಳು, ಅಂಚು ಇನ್ನೂ ತಾಗುತ್ತಿತ್ತು.

ಅಪ್ಪ ಆ ಸಂಜೆ ಹೇಳಿದ್ದು ಏನು, ಅದಕ್ಕೂ ಹಿಂದಿನ ದಿನಗಳಲ್ಲಿ ಹೇಳಿದ್ದು ಅದನ್ನೇ ಹೌದೋ ಅಲ್ಲವೋ, ಕನ್ನಡಕದಕ್ಕನಿಗೆ ಈಗಲೂ ಗೊತ್ತಿಲ್ಲ. ಇದನ್ನು ಬರೆದವರಿಗೂ ಗೊತ್ತಿಲ್ಲ.